ಕೊಟ್ಟಿರುವುದು ಸಾಕೋ ಸಾಲದೋ: ರೇಖಾಗಣಿತದಲ್ಲಿ ಇದನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀರಿ?

ಗಣಿತ_ಟೀಚರ್

ಒಂಬತ್ತು, ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಈಚೆಗೆ ಬೋರ್ಡಿನ ಮೇಲೆ ಮೂರು ಲೆಕ್ಕ ಬರೆದು, "ಬಿಡಿಸಲು ಹೋಗಬೇಡಿ, ಕೊಟ್ಟಿರುವುದು ಸಾಕೋ ಸಾಲದೋ ಅಷ್ಟು ಮಾತ್ರ ಹೇಳಿ" ಅಂದೆ.

1. ಒಂದು ಸೈಟಿನ ನಾಲ್ಕು ಬದಿಗಳು ಕ್ರಮವಾಗಿ 30, 50, 36, 44 ಅಡಿ. ವಿಸ್ತೀರ್ಣ ಎಷ್ಟು?

2. ಎರಡು ಏಕಕೇಂದ್ರೀಯ ವೃತ್ತಗಳಿವೆ. ದೊಡ್ಡ ವೃತ್ತದ ಒಂದು ಜ್ಯಾ ಚಿಕ್ಕ ವೃತ್ತವನ್ನು ಸ್ಪರ್ಶಿಸುತ್ತದೆ, ಅದರ ಉದ್ದ 10 ಸೆಂ.ಮೀ. ಎರಡು ವೃತ್ತಗಳ ನಡುವಿನ ಜಾಗದ ವಿಸ್ತೀರ್ಣ ಎಷ್ಟು?

3. ಲಂಬಕೋನ ತ್ರಿಭುಜದ ವಿಕರ್ಣ 10 ಸೆಂ.ಮೀ., ವಿಕರ್ಣದ ಮೇಲಿನ ಎತ್ತರ 6 ಸೆಂ.ಮೀ. ವಿಸ್ತೀರ್ಣ ಎಷ್ಟು?

ಒಂದಕ್ಕೂ ಮೂರಕ್ಕೂ ಬಹುತೇಕ ಎಲ್ಲರೂ "ಸಾಕು" ಎಂದರು. ಎರಡನೆಯದಕ್ಕೆ "ತ್ರಿಜ್ಯವೇ ಕೊಟ್ಟಿಲ್ಲ ಮಿಸ್, ಸಾಲದು" ಎಂದರು. ಮೂರೂ ತಿರುಗುಮುರುಗು! ಇವರು ಸೂತ್ರ ಗೊತ್ತಿಲ್ಲದ ಮಕ್ಕಳಲ್ಲ. ಸೂತ್ರಕ್ಕೆ ಹಾಕಲು ಅಂಕಿ ಸಿಕ್ಕರೆ ಸಾಕು, ಸಿಗದಿದ್ದರೆ ಸಾಲದು ಎಂದು ಅಂದುಕೊಂಡಿದ್ದಾರೆ. ಇದನ್ನು ಬಿಡಿಸಬೇಕು. ನೀವು ಹೇಗೆ ಹೇಳಿಕೊಡುತ್ತೀರಿ?

ಸರ್ವೆ_ಧಾರವಾಡ

ನಮಸ್ಕಾರ ಟೀಚರ್. ನಿಮ್ಮ ಮೊದಲನೇ ಲೆಕ್ಕ ನಮ್ಮ ದಿನಾದ ಕೆಲಸರೀ. ಪ್ಲಾಟ್ ತಗೊಳ್ಳೋರು ನಾಕೂ ಬದಿಗೆ ಟೇಪ್ ಹಿಡದು ಅಳತಿ ಬರಕೊಂಡು ಬರ್ತಾರ. ಎದುರುಬದುರಿನ ಬದಿ ಕೂಡಿಸಿ ಅರ್ಧಾ ಮಾಡಿ ಗುಣಿಸ್ತಾರ: 33 × 47, ಅಂದ್ರ 1551 ಚದರ ಅಡಿ. ಮಾರೋರು ಹೇಳೋದೂ ಇದನ್ನ.

ಈಗ ಮೂಲಿಗೆ ಎ, ಬಿ, ಸಿ, ಡಿ ಅಂತ ಹೆಸರಿಡ್ರಿ. ಎಬಿ 30, ಬಿಸಿ 50, ಸಿಡಿ 36, ಡಿಎ 44. ಎ ಇಂದ ಸಿ ತನಕ ಟೇಪ್ ಎಳದಾಗ 56 ಅಡಿ ಬಂತಂದ್ರ ಎರಡೂ ತ್ರಿಕೋನ ಕೂಡಿಸಿ ಸುಮಾರು 1539 ಚದರ ಅಡಿ. ಅದ 50 ಬಂತಂದ್ರ 1486. ಅದ 44 ಬಂತಂದ್ರ 1377. ನಾಕ ಬದಿ ಒಂದೂ ಬದಲಾಗಿಲ್ಲ, ಜಾಗಾ ಮಾತ್ರ ಕಡಿಮಿ ಆಗಕೋತ ಹೊಂಟೈತಿ. 1551ಕ್ಕೂ 1377ಕ್ಕೂ 174 ಚದರ ಅಡಿ ಫರಕು. ನಿಮ್ಮೂರಿನ ರೇಟಿಗೆ ಗುಣಿಸಿ ನೋಡ್ರಿ, ಎಷ್ಟು ರೊಕ್ಕ ಅಂತ.

ಹಳೇ ಸರ್ವೆ ಟಿಪ್ಪಣಿ ನೋಡಿದ್ರ ಗೊತ್ತಾಗ್ತದ. ಬರೇ ಸುತ್ತಿನ ಅಳತಿ ಇರೂದಿಲ್ಲ. ಹೊಲದ ನಡುವ ಒಂದು ಆಧಾರ ರೇಖೆ ಹಿಡದು, ಅದರಿಂದ ಒಂದೊಂದು ಮೂಲಿಗೂ ಕಾಟಕೋನದಾಗ (90 ಡಿಗ್ರಿಯೊಳಗ) ಎಷ್ಟು ದೂರ ಅಂತ ಬರದಿರ್ತಾರ. ಹಂಗ ಬರದ್ರ ಯಾರು ಯಾವಾಗ ನಕಾಶೆ ತಗದ್ರೂ ಅದ ಆಕಾರ ಬರಬೇಕು.

ಸ್ಪರ್ಧಾರ್ಥಿ_ಮೈಸೂರು

ಸಿಸ್ಯಾಟ್ (ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ) ಓದುವಾಗ, ಕೊಟ್ಟ ದತ್ತ ಸಾಕೇ ಎಂದು ಕೇಳುವ ಡೇಟಾ ಸಫಿಶಿಯನ್ಸಿ ಪ್ರಶ್ನೆಗಳಿಗೆ ನಾನು ಎಣಿಕೆ ಇಟ್ಟುಕೊಂಡಿದ್ದೇನೆ. ತ್ರಿಭುಜಕ್ಕೆ 3 ಅಳತೆ, ಚತುರ್ಭುಜಕ್ಕೆ 5, ಪಂಚಭುಜಕ್ಕೆ 7. ಎಷ್ಟು ಶೃಂಗಗಳಿವೆಯೋ ಅದರ ಎರಡರಷ್ಟರಲ್ಲಿ 3 ಕಳೆದರೆ ಆಯಿತು. ಪ್ರತಿ ಬಿಂದುವಿಗೆ ಎರಡು ನಿರ್ದೇಶಾಂಕ. ಇಡೀ ಚಿತ್ರವನ್ನು ಅಕ್ಕಪಕ್ಕ, ಮೇಲೆ ಕೆಳಗೆ ಸರಿಸಬಹುದು, ತಿರುಗಿಸಬಹುದು, ಅದಕ್ಕೆ ಮೂರು ಕಳೆಯುವುದು. ನಾಲ್ಕು ಬದಿ ಕೊಟ್ಟರೆ ಒಂದು ಕಡಿಮೆ, ಹಾಗಾಗಿ ಸಾಲದು. ಮಕ್ಕಳಿಗೂ ಇಷ್ಟು ಹೇಳಿದರೆ ಸಾಕಲ್ಲವೇ ಮೇಡಂ? ಎಂಟನೇ ತರಗತಿಯ ಚತುರ್ಭುಜ ರಚನೆಯ ಪಾಠದಲ್ಲೂ ಐದೈದು ಅಳತೆಯನ್ನೇ ಕೊಡುತ್ತಿದ್ದರು.

ಪಿಯು_ಉಪನ್ಯಾಸಕ

ಎಣಿಕೆ ಒಳ್ಳೆಯ ಆರಂಭ. ಅಳತೆ ಕಡಿಮೆ ಬಿದ್ದರೆ ಆಕೃತಿ ನಿಲ್ಲುವುದಿಲ್ಲ ಎಂದು ತಕ್ಷಣ ಹೇಳುತ್ತದೆ. ಎಣಿಕೆ ಸರಿ ಬಂದ ಮೇಲೆ ಆಕೃತಿ ನಿಂತಿತು ಎಂದು ಮಾತ್ರ ನಂಬಬೇಡಿ. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಎರಡು ಉದಾಹರಣೆ ಹೇಳುತ್ತೇನೆ.

ಎ ಕೋನ 30 ಡಿಗ್ರಿ, ಎಬಿ = 8, ಬಿಸಿ = 5. ಮೂರು ಅಳತೆ ಇದೆ. ಎ ಬಳಿ 30 ಡಿಗ್ರಿಯ ಕಿರಣ ಎಳೆದು, ಬಿ ಕೇಂದ್ರವಾಗಿ ಕೈವಾರದಲ್ಲಿ 5 ತೆಗೆದು ಕಂಸ ಎಳೆಯಿರಿ. ಅದು ಕಿರಣವನ್ನು ಎರಡು ಕಡೆ ಕತ್ತರಿಸುತ್ತದೆ. ಎಸಿ ಒಮ್ಮೆ ಸುಮಾರು 9.93, ಇನ್ನೊಮ್ಮೆ 3.93. ಎರಡೂ ಸರಿಯಾದ ತ್ರಿಭುಜಗಳೇ. ಬಿಸಿ 4 ಆಗಿದ್ದರೆ ಒಂದೇ ತ್ರಿಭುಜ, ಏಕೆಂದರೆ ಕಂಸ ಕಿರಣವನ್ನು ಮುಟ್ಟಿ ಹೋಗುತ್ತದೆ. 4ಕ್ಕಿಂತ ಕಡಿಮೆಯಾದರೆ ಒಂದೂ ಇಲ್ಲ. 8 ಅಥವಾ ಹೆಚ್ಚಾದರೆ ಮತ್ತೆ ಒಂದೇ. ಬಾಕೋಬಾ (ಬಾಹು-ಕೋನ-ಬಾಹು) ಎನ್ನುವಾಗ ಕೋನ ನಡುವೆಯೇ ಇರಬೇಕೆಂದು ಪುಸ್ತಕ ಒತ್ತಿ ಹೇಳುವುದು ಇದಕ್ಕೇ.

ಎರಡನೆಯದು ನನಗೆ ತುಂಬ ಪ್ರಿಯ. ಒಂದು ತ್ರಿಭುಜದ ಬಾಹುಗಳು 8, 12, 18. ಇನ್ನೊಂದರದ್ದು 12, 18, 27. ಎಲ್ಲ ಬಾಹುಗಳೂ ಒಂದೂವರೆ ಪಟ್ಟು, ಆದ್ದರಿಂದ ಸಮರೂಪ, ಮೂರು ಕೋನಗಳೂ ಸಮ. ಅದರ ಜೊತೆಗೆ 12 ಮತ್ತು 18 ಎರಡರಲ್ಲೂ ಇವೆ. ಅಂದರೆ ಆರು ಅಂಗಗಳಲ್ಲಿ ಐದು ಸಮ, ಆದರೂ ತ್ರಿಭುಜಗಳು ಸರ್ವಸಮವಲ್ಲ! ಸಮವಾದ ಬಾಹುಗಳು ಅನುರೂಪ ಸ್ಥಾನದಲ್ಲಿಲ್ಲ, ಅಷ್ಟೇ. ಎಷ್ಟು ಕೊಟ್ಟಿದ್ದಾರೆ ಎನ್ನುವುದರಷ್ಟೇ ಯಾವುದು ಎಲ್ಲಿದೆ ಎನ್ನುವುದೂ ಮುಖ್ಯ. ಇದನ್ನು ಒಮ್ಮೆ ಕಾಗದದ ಮೇಲೆ ಕತ್ತರಿಸಿ ತೋರಿಸಿದರೆ ಮಕ್ಕಳು ಮರೆಯುವುದಿಲ್ಲ.

ಸಿವಿಲ್_ಶಿವಮೊಗ್ಗ

ಉಪನ್ಯಾಸಕರ ಮಾತಿಗೆ ನಮ್ಮ ಕಡೆಯದೊಂದು ಸೇರಿಸುತ್ತೇನೆ. ಎರಡು ಚೌಕಗಳನ್ನು ಪಕ್ಕಪಕ್ಕ ಒಂದು ಬದಿ ಹಂಚಿಕೊಳ್ಳುವಂತೆ ಇಡಿ. ಆರು ಬಿಂದು, ಏಳು ಸರಳು (ಒಂದು ಸರಳೆಂದರೆ ಒಂದು ಅಳತೆ). ಎಣಿಕೆಯ ಪ್ರಕಾರ 6 × 2 − 3 = 9 ಸರಳು ಬೇಕು. ಉಳಿದ ಎರಡನ್ನೂ ಎಡಗಡೆಯ ಚೌಕದ ಎರಡು ಕರ್ಣಗಳಿಗೇ ಹಾಕಿಬಿಟ್ಟರೆ? ಒಂಬತ್ತು ಆಯಿತು. ಎಡ ಚೌಕದಲ್ಲಿ ಒಂದು ಸರಳು ವ್ಯರ್ಥ, ಬಲ ಚೌಕ ಇನ್ನೂ ವಾಲಾಡುತ್ತದೆ. ಅದಕ್ಕೇ ಒಟ್ಟು ಎಣಿಕೆಯ ಜೊತೆಗೆ, ಒಳಗಿನ ಯಾವ ಗುಂಪಿನಲ್ಲೂ ಅದರ ಪಾಲಿಗಿಂತ ಹೆಚ್ಚು ಸರಳು ಇರಬಾರದು ಎಂಬ ಷರತ್ತೂ ಬೇಕು. 1970ರಲ್ಲಿ ಲಾಮನ್ ಸಾಧಿಸಿದ ಪ್ರಮೇಯ ಇದೇ.

ಪರೀಕ್ಷೆಯಲ್ಲೂ ಹೀಗೆಯೇ ಆಗುತ್ತದೆ. ತ್ರಿಭುಜದ ಮೂರು ಕೋನ ಕೊಟ್ಟರೆ ಮೂರು ಅಂಕಿ ಸಿಕ್ಕಂತೆ ಕಾಣುತ್ತದೆ. ಮೂರನೆಯದು ಮೊದಲೆರಡರಿಂದಲೇ ಬರುವುದರಿಂದ ಸಿಕ್ಕದ್ದು ಎರಡೇ.

ಟೀಚರ್, ಪೊರಕೆಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಮಕ್ಕಳ ಕೈಯಲ್ಲೇ ಮಾಡಿಸಿ. ತ್ರಿಭುಜ ಗಟ್ಟಿ ನಿಲ್ಲುವುದು, ಚತುರ್ಭುಜ ವಾಲುವುದು ಕೈಗೇ ಗೊತ್ತಾಗುತ್ತದೆ.

ಗಣಿತ_ಟೀಚರ್

8-12-18 ನಾಳೆಯೇ ಕತ್ತರಿಸುತ್ತೇವೆ, ಸರ್. ಸರ್ವೆಯವರ ಮೂರು ಕರ್ಣಗಳ ಲೆಕ್ಕ ಮೂರು ಬಾಹುಗಳಿಂದ ತ್ರಿಭುಜದ ವಿಸ್ತೀರ್ಣ ಕೊಡುವ ಹೆರಾನ್ ಸೂತ್ರಕ್ಕೆ ಎಷ್ಟು ಒಳ್ಳೆಯ ಅಭ್ಯಾಸ!

ಎಣಿಕೆಯಿಂದ ನನ್ನ ಎರಡನೇ ಲೆಕ್ಕ ಮಾತ್ರ ಬಗೆಹರಿಯುವುದಿಲ್ಲ. ಏಕಕೇಂದ್ರೀಯ ವೃತ್ತಗಳಿಗೆ ಎರಡು ತ್ರಿಜ್ಯ ಬೇಕು, ಕೊಟ್ಟಿರುವ ಅಳತೆ ಒಂದೇ. "ಸಾಲದು" ಎಂದ ಮಕ್ಕಳ ತರ್ಕ ಅಲ್ಲಿಯವರೆಗೆ ಸರಿಯಾಗಿಯೇ ಇದೆ.

ಸಿವಿಲ್_ಶಿವಮೊಗ್ಗ

ಅವರು ಎರಡು ಪ್ರಶ್ನೆಗಳನ್ನು ಒಂದು ಮಾಡಿಕೊಂಡಿದ್ದಾರೆ ಮೇಡಂ. ಆಕೃತಿ ನಿಶ್ಚಿತವೇ ಎಂಬುದು ಒಂದು. ಕೇಳಿದ್ದು ನಿಶ್ಚಿತವೇ ಎಂಬುದು ಇನ್ನೊಂದು. ನಿಮ್ಮ ಎರಡನೇ ಲೆಕ್ಕದಲ್ಲಿ ಆಕೃತಿ ಖಂಡಿತ ನಿಶ್ಚಿತವಲ್ಲ. ಚಿಕ್ಕ ವೃತ್ತದ ತ್ರಿಜ್ಯ 1 ಇರಬಹುದು, 100 ಇರಬಹುದು. ಆದರೆ ಕೇಂದ್ರದಿಂದ ಜ್ಯಾದ ಮಧ್ಯಬಿಂದುವಿಗೆ ಎಳೆದರೆ ಅದು ಚಿಕ್ಕ ತ್ರಿಜ್ಯ. ಜ್ಯಾದ ತುದಿಗೆ ಎಳೆದರೆ ದೊಡ್ಡ ತ್ರಿಜ್ಯ. ಅರ್ಧ ಜ್ಯಾ 5. ಪೈಥಾಗೊರಸ್ ಹಾಕಿದರೆ ತ್ರಿಜ್ಯಗಳ ವರ್ಗಗಳ ವ್ಯತ್ಯಾಸ 25. ನಡುವಿನ ವಿಸ್ತೀರ್ಣಕ್ಕೆ ಬೇಕಾದದ್ದು ಆ ವ್ಯತ್ಯಾಸ ಮಾತ್ರ. ಉತ್ತರ 25 ಪೈ. ತ್ರಿಜ್ಯ ಎಷ್ಟೇ ಇರಲಿ, ಅದು ಕದಲುವುದಿಲ್ಲ.

ಇದಕ್ಕಿಂತ ಸುಲಭದ್ದು ಬೇಕಿದ್ದರೆ: ಅಗಲ 10, ಉದ್ದ 8 ಇರುವ ಆಯತದ ಒಂದು ಮೂಲೆಯಲ್ಲಿ ಚಿಕ್ಕ ಆಯತವೊಂದನ್ನು ಕತ್ತರಿಸಿ ತೆಗೆದ ಕೋಣೆ. ಕತ್ತರಿಸಿದ್ದು ಎಷ್ಟೆಂದು ಹೇಳಿಲ್ಲ. ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಎಷ್ಟು ಬೇಕು? 36. ಒಳಗೆ ತಿರುಗಿದ ಗೋಡೆಗಳು ಹೊರಗಿನವನ್ನೇ ಸರಿದೂಗಿಸುತ್ತವೆ. ನೆಲಕ್ಕೆ ಟೈಲ್ಸ್ ಎಷ್ಟು? ಹೇಳಲಾಗದು. ಒಂದೇ ಚಿತ್ರ, ಒಂದೇ ದತ್ತ. ಸುತ್ತಳತೆಗೆ ಸಾಕು, ವಿಸ್ತೀರ್ಣಕ್ಕೆ ಸಾಲದು.

ಹಾಗಾಗಿ ನಾನು ಮಾಡುವುದಿಷ್ಟು. ಕೊಟ್ಟಿರುವುದರಿಂದ ಚಿತ್ರ ಬರೆಯಲು ಹೊರಡುತ್ತೇನೆ. ಎಲ್ಲಿ ನನ್ನ ಇಷ್ಟದಂತೆ ಒಂದು ಬಿಂದು ಇಡಬೇಕಾಯಿತೋ ಅಲ್ಲಿ ನಿಲ್ಲುತ್ತೇನೆ. ಆ ಬಿಂದುವನ್ನು ಆಚೀಚೆ ಸರಿಸಿದರೆ ಕೇಳಿದ್ದು ಬದಲಾಗುತ್ತದೆಯೇ ಎಂದು ನೋಡುತ್ತೇನೆ. ಜಿಯೋಜೀಬ್ರಾ ಎಂಬ ತಂತ್ರಾಂಶದಲ್ಲಿ ಬಿಂದು ಎಳೆದಾಡಿದರೆ ಕಣ್ಣೆದುರೇ ಕಾಣುತ್ತದೆ, ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಬಳಸಿ.

ಸ್ಪರ್ಧಾರ್ಥಿ_ಮೈಸೂರು

ಇದಕ್ಕೆ ಕೋಚಿಂಗ್‌ನಲ್ಲಿ ಒಂದು ಅಡ್ಡದಾರಿ ಹೇಳಿಕೊಡುತ್ತಾರೆ. ಚಿಕ್ಕ ವೃತ್ತವನ್ನು ಕುಗ್ಗಿಸುತ್ತಾ ಸೊನ್ನೆ ಮಾಡಿಬಿಡಿ. ಜ್ಯಾ ವ್ಯಾಸವಾಗುತ್ತದೆ, ತ್ರಿಜ್ಯ 5, ಉತ್ತರ 25 ಪೈ. ಒಂದೇ ಸಾಲು.

ಪಿಯು_ಉಪನ್ಯಾಸಕ

ಉತ್ತರ ಇದೆ ಎಂದು ಮೊದಲೇ ಗೊತ್ತಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಇಲ್ಲಿ ಕೇಳಿರುವುದೇ ಉತ್ತರ ಇದೆಯೇ ಎಂದು. ಅದೇ ಅಡ್ಡದಾರಿಯಲ್ಲಿ ಕೋಣೆಯ ಲೆಕ್ಕಕ್ಕೆ ಹೋಗಿ, ಕತ್ತರಿಸಿದ ಮೂಲೆಯನ್ನು ಸೊನ್ನೆ ಮಾಡಿ, ನೆಲದ ವಿಸ್ತೀರ್ಣ 80 ಎನ್ನುತ್ತೀರಿ. ತಪ್ಪು. ಒಂದು ವಿಶೇಷ ಸಂದರ್ಭದಿಂದ "ಸಾಕು" ಎಂದು ತೀರ್ಮಾನಿಸಲಾಗದು. ಎರಡು ವಿಶೇಷ ಸಂದರ್ಭ ತೆಗೆದುಕೊಂಡು ಎರಡು ಬೇರೆ ಉತ್ತರ ಬಂದರೆ "ಸಾಲದು" ಎಂದು ಖಚಿತವಾಗಿ ಹೇಳಬಹುದು. ಈ ಅಸಮತೆಯನ್ನು ನೆನಪಿಡಿ: ಸಾಲದು ಎನ್ನಲು ಎರಡು ಚಿತ್ರ ಸಾಕು, ಸಾಕು ಎನ್ನಲು ಸಾಧನೆ ಬೇಕು.

ಹಳೆಗಣಿತ_ಆಸಕ್ತ

ನಾಲ್ಕು ಬದಿಯ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು. ಸರ್ವೆಯವರು ಹೇಳಿದ ಎದುರುಬದುರು ಸರಾಸರಿಯ ಗುಣಾಕಾರ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರ ಸಂಗ್ರಹದಲ್ಲಿ ಇದೆ. ಅವನು ಅದನ್ನು ವ್ಯಾವಹಾರಿಕ ಫಲ (ಅಂದಾಜು ವಿಸ್ತೀರ್ಣ) ಎಂದು ಕರೆದು, ಸೂಕ್ಷ್ಮ (ನಿಖರ) ಫಲದ ನಿಯಮಗಳನ್ನು ಬೇರೆಯಾಗಿ ಕೊಡುತ್ತಾನೆ. ಅದಕ್ಕೂ ಮೊದಲು ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ನಾಲ್ಕು ಬಾಹುಗಳಿಂದಲೇ ವಿಸ್ತೀರ್ಣ ಹೇಳುವ ಸೂತ್ರ ಕೊಟ್ಟಿದ್ದ: ಅರ್ಧ ಸುತ್ತಳತೆಯಿಂದ ಒಂದೊಂದು ಬಾಹುವನ್ನು ಕಳೆದು, ನಾಲ್ಕನ್ನೂ ಗುಣಿಸಿ, ವರ್ಗಮೂಲ. ನಾಲ್ಕು ಶೃಂಗಗಳೂ ಒಂದು ವೃತ್ತದ ಮೇಲಿದ್ದರೆ ಅದು ನಿಖರ. ಟೀಚರ್ ಸೈಟಿಗೆ ಹಾಕಿದರೆ ಅರ್ಧ ಸುತ್ತಳತೆ 80. 50 × 30 × 44 × 36ರ ವರ್ಗಮೂಲ ಸುಮಾರು 1541. ಆ ನಾಲ್ಕು ಬದಿಗಳಿಂದ ಸಿಗಬಹುದಾದ ಅತಿ ಹೆಚ್ಚಿನ ವಿಸ್ತೀರ್ಣ ಅದೇ. ಅಂದರೆ 1551 ಚದರ ಅಡಿಯ ಸೈಟ್ ಆ ಅಳತೆಗಳಲ್ಲಿ ಇರಲು ಸಾಧ್ಯವೇ ಇಲ್ಲ!

ಇದನ್ನು ನೇರವಾಗಿ ಎತ್ತಿ ಹೇಳಿದವನು ಭಾಸ್ಕರಾಚಾರ್ಯ, 1150ರ ಲೀಲಾವತಿಯಲ್ಲಿ. ಬಾಹುಗಳು ಅವೇ ಇದ್ದರೂ ಎದುರು ಮೂಲೆಗಳನ್ನು ಒತ್ತಿದರೆ ಒಂದು ಕರ್ಣ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ, ಆದ್ದರಿಂದ ಫಲ ಅನಿಯತ ಎಂದು ವಿವರಿಸುತ್ತಾನೆ. ಒಂದು ಲಂಬವನ್ನೋ ಒಂದು ಕರ್ಣವನ್ನೋ ಹೇಳದೆ ಚತುರ್ಭುಜದ ನಿಯತ ಫಲ ಕೇಳುವವನು ಪಿಶಾಚ, ಅದಕ್ಕೆ ಉತ್ತರ ಹೇಳಹೊರಡುವವನು ಅವನಿಗಿಂತ ದೊಡ್ಡ ಪಿಶಾಚ ಎನ್ನುತ್ತಾನೆ. ಲೆಕ್ಕದ ಪುಸ್ತಕದಲ್ಲಿ ಅಷ್ಟು ಕಟುವಾದ ಮಾತು ಬಂದಿರುವುದು ನನಗೆ ತುಂಬ ಹಿಡಿಸುತ್ತದೆ. ದತ್ತ ಸಾಲದೆ ಉತ್ತರ ಕೊಡುವುದನ್ನು ಅವನು ಸಣ್ಣ ಅಪರಾಧವೆಂದು ಎಣಿಸಿರಲಿಲ್ಲ.

ಹತ್ತನೇ_ಕ್ಲಾಸಿನ_ಅಪ್ಪ

ದೊಡ್ಡವರು ಇಷ್ಟು ಚೆನ್ನಾಗಿ ಹೇಳುತ್ತಿದ್ದೀರಿ, ನನ್ನ ಮಗಳ ಒಂದು ಲೆಕ್ಕ ನೋಡಿಕೊಡಿ. ಎಬಿಸಿ ಸಮದ್ವಿಬಾಹು ತ್ರಿಭುಜ, ಬಿ, ಸಿ ಕೋನಗಳು 80, 80, ಎ 20. ಎಸಿ ಮೇಲೆ ಇ ಬಿಂದು, ಸಿಬಿಇ ಕೋನ 60. ಎಬಿ ಮೇಲೆ ಎಫ್ ಬಿಂದು, ಬಿಸಿಎಫ್ ಕೋನ 50. ಬಿಇಎಫ್ ಕೋನ ಎಷ್ಟು? ಎಲ್ಲ ತ್ರಿಭುಜಗಳಲ್ಲೂ 180 ಹಾಕಿದಳು. ಎಲ್ಲಿಂದ ಹೊರಟರೂ ಬಿಇಎಫ್ ಮತ್ತು ಸಿಎಫ್ಇ ಎರಡೂ ಸೇರಿ 110 ಎಂದೇ ಬರುತ್ತದೆ, ಬೇರೆ ಬೇರೆಯಾಗಿ ಬರುವುದಿಲ್ಲ. ಟ್ಯೂಷನ್‌ನಲ್ಲಿ "ಮಾಹಿತಿ ಸಾಲದು, ಬಿಟ್ಟುಬಿಡು" ಎಂದರಂತೆ. ನಿಜವೇ?

ಪಿಯು_ಉಪನ್ಯಾಸಕ

ಮಾಹಿತಿ ಪೂರ್ತಿ ಸಾಕು ಸರ್. ಮಗಳಿಗೆ ಬಿಡಬೇಡ ಎಂದು ಹೇಳಿ.

ಮೊದಲು ಚಿತ್ರದ ಪರೀಕ್ಷೆ. ಬಿಸಿಯನ್ನು ಯಾವುದೋ ಉದ್ದಕ್ಕೆ ಎಳೆಯಿರಿ. ಉದ್ದ ಬದಲಾದರೆ ಚಿತ್ರ ದೊಡ್ಡದು ಚಿಕ್ಕದಾಗುತ್ತದೆ, ಕೋನ ಬದಲಾಗದು. ಕೋನಮಾಪಕದಿಂದ 80, 80 ಹಾಕಿದರೆ ಎ ಸಿಕ್ಕಿತು. ಬಿ ಇಂದ 60ರ ಗೆರೆ ಎಸಿಯನ್ನು ಒಂದೇ ಕಡೆ ಕಡಿಯುತ್ತದೆ, ಇ ಸಿಕ್ಕಿತು. ಸಿ ಇಂದ 50ರ ಗೆರೆ, ಎಫ್ ಸಿಕ್ಕಿತು. ಇಎಫ್ ಸೇರಿಸಿ. ಎಲ್ಲೂ ಇಷ್ಟದಂತೆ ಬಿಂದು ಇಡಬೇಕಾಗಲಿಲ್ಲ. ಹಾಗಾದರೆ ಆ ಕೋನ ಒಂದೇ ಆಗಿರಲೇಬೇಕು. ಕೋನಗಳ ಮೊತ್ತ ಮಾತ್ರ ಅದನ್ನು ಹಿಡಿಯುತ್ತಿಲ್ಲ. ಇ, ಎಫ್ ಎಲ್ಲಿ ಬಿದ್ದವು ಎಂಬ ಉದ್ದದ ವಿಷಯ 180ರ ಸಮೀಕರಣಗಳಲ್ಲಿ ಬರುವುದೇ ಇಲ್ಲ. ಇಲ್ಲಿ ಸಾಲದೇ ಹೋದದ್ದು ವಿಧಾನ.

ಈಗ ಸಾಧನೆ. ಬಿಸಿಎಫ್ ತ್ರಿಭುಜದಲ್ಲಿ ಕೋನಗಳು 80, 50, ಆದ್ದರಿಂದ ಮೂರನೆಯದೂ 50; ಬಿಎಫ್ = ಬಿಸಿ. ಎಸಿ ಮೇಲೆ ಜಿ ಎಂಬ ಬಿಂದುವನ್ನು ಜಿಬಿಸಿ ಕೋನ 20 ಆಗುವಂತೆ ಇಡಿ. ಬಿಸಿಜಿ ತ್ರಿಭುಜದಲ್ಲಿ 20, 80, ಉಳಿದದ್ದೂ 80; ಬಿಜಿ = ಬಿಸಿ. ಹಾಗಾಗಿ ಬಿಜಿ = ಬಿಎಫ್, ನಡುವಿನ ಕೋನ 80 − 20 = 60; ಬಿಎಫ್‌ಜಿ ಸಮಬಾಹು. ಇನ್ನು ಜಿಬಿಇ ಕೋನ 60 − 20 = 40. ಬಿಇಸಿ ಕೋನ 180 − 60 − 80 = 40. ಆದ್ದರಿಂದ ಜಿಇ = ಜಿಬಿ = ಜಿಎಫ್. ಎಸಿ ಮೇಲೆ ಜಿ ಬಳಿ 80, 60 ಕಳೆದರೆ ಎಫ್‌ಜಿಇ 40. ಜಿಎಫ್‌ಇ ಸಮದ್ವಿಬಾಹು, ಜಿಇಎಫ್ 70. ಅದರಲ್ಲಿ 40 ಕಳೆದರೆ ಬಿಇಎಫ್ = 30.

1922ರಲ್ಲಿ ಲ್ಯಾಂಗ್ಲಿ ಎಂಬವರು ಇಂಗ್ಲೆಂಡಿನ ಗಣಿತ ಪತ್ರಿಕೆಯೊಂದರಲ್ಲಿ ಹಾಕಿದ ಲೆಕ್ಕ ಇದು. ಜಿ ಬಿಂದು ತಾನಾಗಿ ಹೊಳೆಯುವುದು ಕಷ್ಟ. ಹೊಳೆಯದಿದ್ದರೂ "ಉತ್ತರ ಇದೆ, ನಾನು ಇನ್ನೂ ಹುಡುಕಬೇಕು" ಎಂದು ತಿಳಿದಿರುವ ಮಗುವಿಗೂ "ಮಾಹಿತಿ ಸಾಲದು" ಎಂದು ಪೆನ್ನು ಕೆಳಗಿಡುವ ಮಗುವಿಗೂ ಬಹಳ ಅಂತರವಿದೆ.

ಹತ್ತನೇ_ಕ್ಲಾಸಿನ_ಅಪ್ಪ

ತುಂಬ ಧನ್ಯವಾದ ಸರ್. ಮಗಳು ಕೋನಮಾಪಕ ಹಿಡಿದು ಬರೆದಳು, 30 ಬಂತು. ಈಗ ಸಾಧನೆಯನ್ನು ಸಾಲು ಸಾಲಾಗಿ ಓದುತ್ತಿದ್ದಾಳೆ.

ಸ್ಪರ್ಧಾರ್ಥಿ_ಮೈಸೂರು

ಉಪನ್ಯಾಸಕರೇ, ಎಣಿಕೆ ಸರಿಯಿದ್ದು ಅಂಕಿ ಬದಲಾದರೆ ತೀರ್ಮಾನವೂ ಬದಲಾಗುವ ಇನ್ನೊಂದು ಉದಾಹರಣೆ ಸಿಕ್ಕಿತು. ಎರಡು ಬಾಹು 5, 12, ವಿಸ್ತೀರ್ಣ 30, ಮೂರನೇ ಬಾಹು? ಆ ಎರಡು ಬಾಹುಗಳಿಂದ ಸಿಗುವ ಗರಿಷ್ಠ ವಿಸ್ತೀರ್ಣವೇ 30, ಹಾಗಾಗಿ ನಡುವಿನ ಕೋನ 90, ಮೂರನೆಯದು 13, ಒಂದೇ ಉತ್ತರ. ವಿಸ್ತೀರ್ಣ 24 ಎಂದು ಕೊಟ್ಟರೆ ಕೋನ ಲಘುವೋ ವಿಶಾಲವೋ ಗೊತ್ತಿಲ್ಲ. ಮೂರನೇ ಬಾಹು √97 ಇರಬಹುದು, √241 ಇರಬಹುದು. ಅಂಕಿ ನೋಡದೆ "ಎರಡು ಬಾಹು, ಒಂದು ವಿಸ್ತೀರ್ಣ, ಸಾಕು" ಎಂದು ಗುರುತು ಹಾಕಿದರೆ ಒಂದರಲ್ಲಿ ಅಂಕ ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ.

ಗಣಿತ_ಟೀಚರ್

ನನ್ನ ಮೂರನೇ ಲೆಕ್ಕ ಯಾರೂ ಮುಟ್ಟಿಲ್ಲ, ನಾನೇ ಹೇಳುತ್ತೇನೆ. ವಿಕರ್ಣ 10 ಆದರೆ ಲಂಬಕೋನದ ಶೃಂಗ ಆ 10ನ್ನು ವ್ಯಾಸವಾಗಿ ಉಳ್ಳ ಅರ್ಧವೃತ್ತದ ಮೇಲಿರಬೇಕು. ಅಲ್ಲಿಂದ ವಿಕರ್ಣಕ್ಕೆ ಎತ್ತರ 5ಕ್ಕಿಂತ ಹೆಚ್ಚಾಗದು. ಎತ್ತರ 6ರ ತ್ರಿಭುಜ ಇಲ್ಲವೇ ಇಲ್ಲ. ಮಕ್ಕಳು ಅರ್ಧ × 10 × 6 = 30 ಎಂದು ಸರಾಗ ಬರೆದರು. ಸೂತ್ರ ಎಲ್ಲೂ ತಡೆಯಲಿಲ್ಲ, ತಡೆಯುತ್ತಿದ್ದದ್ದು ಚಿತ್ರ ಒಂದೇ. ಇಂಥದ್ದು ಪರೀಕ್ಷೆಯಲ್ಲಿ ಬಂದರೆ "ದತ್ತಗಳು ಪರಸ್ಪರ ಹೊಂದುವುದಿಲ್ಲ, ಎತ್ತರ 5ನ್ನು ಮೀರಲಾರದು" ಎಂದು ಕಾರಣ ಸಮೇತ ಬರೆಯಲು ಹೇಳುತ್ತೇನೆ.

ಇಲ್ಲಿ ಓದಿದ್ದರಿಂದ ಪಾಠದ ರೀತಿಯನ್ನೂ ಸ್ವಲ್ಪ ಬದಲಿಸುತ್ತಿದ್ದೇನೆ. ಲೆಕ್ಕ ಪೂರ್ತಿ ಕೊಡುವ ಬದಲು ಒಂದು ಅಳತೆ ಕಡಿಮೆ ಕೊಟ್ಟು, "ಇನ್ನೊಂದೇ ಅಳತೆ ಕೇಳಬಹುದು, ಯಾವುದು ಕೇಳುತ್ತೀರಿ?" ಎನ್ನಬೇಕೆಂದಿದ್ದೇನೆ. ಸೈಟಿನಿಂದಲೇ ಶುರು. ಸರ್ವೆಯವರೇ, ಕರ್ಣದ ಬದಲು ಒಂದು ಮೂಲೆಯ ಕೋನ ಕೇಳಿದ ಮಗುವಿಗೆ ಪೂರ್ತಿ ಅಂಕ ಕೊಡಬಹುದೇ?

ಸರ್ವೆ_ಧಾರವಾಡ

ಕೊಡ್ರಿ. ಬಿ ಮೂಲಿ ಕೋನ ಗೊತ್ತಾದ್ರ ಎಸಿ ತಾನ ಬರ್ತದ, ಮುಂದ ಅದ ಲೆಕ್ಕ. ಆದ್ರ ಒಂದು ಮಾತು ಬಿಡಬ್ಯಾಡ್ರಿ. ಕರ್ಣ ಕೊಟ್ರೂ, ಕೋನ ಕೊಟ್ರೂ ಡಿ ಮೂಲಿ ಎಸಿ ಗೆರಿಯ ಯಾವ ಕಡೆ ಐತಿ ಅನ್ನೋದು ಅಂಕಿಯೊಳಗ ಬರೂದಿಲ್ಲ. ಆಚೆ ಕಡೆ ಇದ್ರ ಎರಡು ತ್ರಿಕೋನ ಕೂಡಿಸಬೇಕು. ಬಿ ಇದ್ದ ಕಡೆನ ಇದ್ರ ಆಕಾರನ ಬ್ಯಾರೆ ಆಗ್ತದ, ಬದಿ ಒಂದನ್ನೊಂದು ದಾಟತಾವೋ ಮೂಲಿ ಒಳಗ ಹೊಕ್ಕೈತೋ ನೋಡಬೇಕಾಗ್ತದ. ಜಾಗದಾಗ ನಿಂತೋರಿಗೆ ಕಣ್ಣಿಗೆ ಕಾಣ್ತದ, ಕಾಗದದಾಗ ಕುಂತ ಹುಡುಗರಿಗೆ ಕಾಣಂಗಿಲ್ಲ. ಲೆಕ್ಕದಾಗ "ನಾಕೂ ಮೂಲಿ ಹೊರಗ ಚಾಚ್ಯಾವ" ಅಂತ ಒಂದು ಸಾಲು ಬರೀರಿ. ಇಲ್ಲಂದ್ರ ಆ ಸಾಲನ್ನ ಕೇಳೋ ಹುಡುಗರಿಗೆ ಒಂದು ಅಂಕ ಜಾಸ್ತಿ ಇಡ್ರಿ.